ಬ್ರೆಡ್ಡೊಳಗಿನ ಕುಂಬಳಕಾಯಿ ನೀರು

ಮೊದಲ ಸಲ ನಾನು ಮಾಡಿದ ಕುಂಬಳಕಾಯಿ ಬ್ರೆಡ್ ಮೇಲೆಲ್ಲ ಚೆನ್ನಾಗಿ ಕೆಂಪಾಗಿತ್ತು, ನಡುವೆ ಮಾತ್ರ ಕುಸಿದು ಹಳ್ಳ ಬಿದ್ದಿತ್ತು. ಕುಯ್ದರೆ ಚಾಕುವಿಗೆ ಅಂಟಿಕೊಂಡು ಬಂತು. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಬ್ರೆಡ್ಡಾ, ಹಾಲುಬಾಯಾ?" ಅಂದರು. ಸೋಡಾ ಸರಿಯಿತ್ತು, ಓವನ್ನೂ ಸರಿಯಿತ್ತು. ನಾನು ಸಿಹಿಗುಂಬಳವನ್ನು ಸಾಂಬಾರಿಗೆ ಬೇಯಿಸುವ ಹಾಗೆ ಕುಕ್ಕರಿನಲ್ಲಿ ಎರಡು ಲೋಟ ನೀರಿಟ್ಟು ಬೇಯಿಸಿ, ಆ ನೀರಿನ ಸಮೇತ ರುಬ್ಬಿ ಸುರಿದಿದ್ದೆ.

ಸಿಹಿಗುಂಬಳದಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ನೀರೇ. ಈ ಬ್ರೆಡ್ಡಿಗೆ ಬೇರೆ ನೀರು ಹಾಕದಿರುವುದು ಅದಕ್ಕೇ. ಕುಂಬಳ ಇಲ್ಲಿರುವುದು ರುಚಿಗಿಂತ ಹೆಚ್ಚಾಗಿ ನೀರಿಗೆ. ಘಮ ಬರುವುದು ಚಕ್ಕೆ, ಲವಂಗ, ಜಾಯಿಕಾಯಿಯಿಂದ. ಅಮೆರಿಕದಲ್ಲಿ ಡಬ್ಬಿಯಲ್ಲಿ ಸಿಗುವ ಗಟ್ಟಿ ತಿರುಳನ್ನು ಬಳಸುತ್ತಾರೆ, ಅಲ್ಲಿನ ಅಳತೆಗಳೆಲ್ಲ ಆ ಗಟ್ಟಿ ತಿರುಳಿನ ಲೆಕ್ಕದವು. ಆ ಡಬ್ಬಿಯಲ್ಲಿರುವುದು ಹೆಚ್ಚಾಗಿ ಕುಕುರ್ಬಿಟಾ ಮೊಸ್ಕಾಟಾ ಜಾತಿಯ ಕಾಯಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಿಹಿಗುಂಬಳದ ತಳಿ ಅರ್ಕ ಚಂದನ್ ಕೂಡ ಅದೇ ಜಾತಿ. ಅಂದ ಮೇಲೆ ಡಬ್ಬಿ ಹುಡುಕಿಕೊಂಡು ಅಲೆಯಬೇಕಿಲ್ಲ. ಹೋಳುಗಳನ್ನು ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು ಬೇಯಿಸಿ, ಮಸೆದು, ಬಾಣಲೆಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಸೌಟು ಎಳೆದ ದಾರಿ ಕೂಡಲೇ ಮುಚ್ಚಿಕೊಳ್ಳದಿದ್ದರೆ ತಿರುಳು ಸಿದ್ಧ.

ನೀರು ಜಾಸ್ತಿಯಾದರೆ ಕುಸಿಯುವುದು ಯಾಕೆ? ಬಿಸಿಗೆ ಹಿಟ್ಟಿನೊಳಗೆ ಗಾಳಿಗುಳ್ಳೆಗಳು ಉಬ್ಬುತ್ತವೆ. ಮೈದಾದ ಪಿಷ್ಟ ನೀರು ಕುಡಿದು ಬೆಂದು ಗಟ್ಟಿಯಾದಾಗ ಆ ಗುಳ್ಳೆಗಳಿಗೆ ಗೋಡೆ ಸಿಗುತ್ತದೆ. ಹಿಟ್ಟು ತೆಳುವಾಗಿದ್ದರೆ ಗೋಡೆ ಏಳುವ ಮೊದಲೇ ಗುಳ್ಳೆಗಳು ಒಡೆದು ಹೋಗುತ್ತವೆ. ಸಕ್ಕರೆ, ಬೆಲ್ಲ ಜಾಸ್ತಿಯಾದರೂ ಇದೇ ಕಥೆ. ಸಿಹಿ ಹೆಚ್ಚಿದಷ್ಟೂ ಪಿಷ್ಟ ಬೇಯಲು ಇನ್ನೂ ಹೆಚ್ಚು ಬಿಸಿ ಕೇಳುತ್ತದೆ.

ಈಗ ನಾನು ಹಾಕುವ ಅಳತೆ ಇದು: ಮೈದಾ 200 ಗ್ರಾಂ, ತಿರುಳು 200 ಗ್ರಾಂ, ಪುಡಿ ಬೆಲ್ಲ 150 ಗ್ರಾಂ, ಎಣ್ಣೆ 80 ಮಿಲಿ, ಹುಳಿ ಮೊಸರು 100 ಮಿಲಿ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಚಿಟಿಕೆ ಉಪ್ಪು, ಮಸಾಲೆ ಪುಡಿ. ಮೊಸರು ಸುಮ್ನೆ ಹಾಕುವುದಲ್ಲ. ಸೋಡಾಕ್ಕೆ ಹುಳಿ ಬೇಕು, ಕುಂಬಳದ ಹುಳಿ ಅದಕ್ಕೆ ಸಾಲದು. ಹುಳಿ ಸಿಗದೆ ಉಳಿದ ಸೋಡಾ ಓವನ್ನಿನ ಬಿಸಿಗೆ ಏನಾಗುತ್ತದೆ ಗೊತ್ತಾ? ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ! ಕೆಲವು ಕೇಕುಗಳಲ್ಲಿ ಸೋಪಿನ ರುಚಿ ಬರುವುದು ಹೀಗೆ.

ಅಂದ ಹಾಗೆ, 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲಿ ಹಿಟ್ಟು ಉಬ್ಬಿಸಲು ಕಟ್ಟಿಗೆ ಬೂದಿಯಿಂದ ತೆಗೆದ ಕ್ಷಾರವನ್ನು ಹೇಳಿದ್ದಾರೆ. ಸೋಡಾ ಪೊಟ್ಟಣ ಬಂದಿದ್ದು ಆಮೇಲೆ.

ಮೊಸರು ತಾಗಿದ ಕೂಡಲೇ ಸೋಡಾ ಕೆಲಸ ಶುರು ಮಾಡುತ್ತದೆ. ಇಡ್ಲಿ ಹಿಟ್ಟಿನ ಹಾಗೆ ರಾತ್ರಿಯಿಡೀ ಕಾಯಿಸುವಂತಿಲ್ಲ, ಓವನ್ ಮೊದಲೇ ಬಿಸಿಯಾಗಿರಬೇಕು. ವಡೆ ಹಿಟ್ಟಿನ ಹಾಗೆ ಬಡಿಯಲೂಬೇಡಿ. ಮೈದಾ ಕಲಸಿದಷ್ಟೂ ಅದರೊಳಗಿನ ಗ್ಲುಟೆನ್ ಅನ್ನುವ ಅಂಟು ಪ್ರೋಟೀನಿನ ಬಲೆ ಬಿಗಿಯಾಗಿ ಬ್ರೆಡ್ ರಬ್ಬರಿನಂತಾಗುತ್ತದೆ. ಒಣ ಹಿಟ್ಟು ಕಾಣದಷ್ಟು ಕಲಸಿದರೆ ಸಾಕು, ನಾಲ್ಕಾರು ಗಂಟು ಉಳಿದರೂ ಚಿಂತೆಯಿಲ್ಲ. 175 ಡಿಗ್ರಿಯಲ್ಲಿ ಸುಮಾರು 55 ನಿಮಿಷ. ಹೊರಗೆ ಅಷ್ಟು ಬಿಸಿಯಿದ್ದರೂ ನೀರಿರುವ ತನಕ ಒಳಗಿನ ನಡುಭಾಗ 100 ಡಿಗ್ರಿ ದಾಟುವುದಿಲ್ಲ. ಮೇಲೆ ಕೆಂಪಾಗಿದೆ ಅಂತ ನಂಬಿ ಹೊರಗೆ ತೆಗೆಯಬೇಡಿ, ನಡುವೆ ಕಡ್ಡಿ ಚುಚ್ಚಿ ನೋಡಿ.

ತಣ್ಣಗಾದ ಮೇಲೆ ಫ್ರಿಜ್ಜಿಗೆ ಇಡುವವರೇ ಜಾಸ್ತಿ, ಅಲ್ವಾ? ಆ ಚಳಿಯಲ್ಲಿ ಪಿಷ್ಟ ಮತ್ತೆ ಬೇಗ ಬಿಗಿದುಕೊಂಡು ಬ್ರೆಡ್ ಒರಟಾಗುತ್ತದೆ. ಹೊರಗೇ ಡಬ್ಬಿಯಲ್ಲಿಡಿ. ಕುಂಬಳದ ನಾರು ನೀರನ್ನು ಹಿಡಿದಿಟ್ಟಿರುತ್ತದೆ, ಮರುದಿನ ಇನ್ನೂ ಮೆತ್ತಗಿರುತ್ತದೆ. ಆದರೆ ಅದೇ ನೀರು ಬೂಷ್ಟಿಗೂ ಇಷ್ಟ. ಎರಡು ದಿನಕ್ಕೆ ಮುಗಿಯದಿದ್ದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ತವಾ ಮೇಲೆ ತುಪ್ಪ ಸವರಿ ಬಿಸಿ ಮಾಡಿಕೊಳ್ಳಿ.