ಗಣಿತದ ಪೀರಿಯಡ್‌ನಲ್ಲಿ ರಂಗೋಲಿ ಹಾಕಿಸಿದರೆ ಪಾಠ ಹಿಂದೆ ಬೀಳಲ್ವಾ?

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಎಲ್ಲ ವಿಷಯದಲ್ಲೂ ಕಲೆ ಬೆರೆಸಿ ಪಾಠ ಮಾಡಿ ಅಂತಾರೆ. ಸಿಲಬಸ್ ಮುಗಿಸುವುದೇ ಕಷ್ಟ. ಸುಮ್ನೆ ಸಮಯ ಹಾಳಲ್ವಾ?

ಹಾಳಾಗುವುದೂ ಉಂಟು. ಪಾಠ ಮುಗಿಸಿ, ‘ನಾಳೆ ಒಂದು ಚಾರ್ಟ್ ಮಾಡಿಕೊಂಡು ಬನ್ನಿ’ ಅಂದರೆ ರಾತ್ರಿ ಕೂತು ಬಣ್ಣ ಹಚ್ಚುವುದು ಅಮ್ಮ. ಮಗು ಕಲಿಯುವುದು ಏನೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೇಳುವುದು ಬೇರೆಯೇ: ವಿಷಯ ಕಲಿಸುವುದಕ್ಕೆ ಕಲೆಯೇ ಆಧಾರವಾಗಬೇಕು. ಕಲೆಯನ್ನು ತೆಗೆದುಬಿಟ್ಟರೂ ಪಾಠ ಹಾಗೇ ನಡೆಯುತ್ತದಾ? ಹಾಗಿದ್ದರೆ ಅದು ಬರೀ ಅಲಂಕಾರ, ಬಿಟ್ಟುಬಿಡಿ.

ರಂಗೋಲಿಯನ್ನೇ ನೋಡೋಣ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ 7ರಿಂದ 1ರವರೆಗೆ ನೇರ ಚುಕ್ಕಿ ಇಡಿಸಿ. ಅಂದರೆ ಸಾಲಿಗೆ 1, 3, 5, 7, ಮತ್ತೆ 5, 3, 1. ಒಟ್ಟು ಎಷ್ಟು ಅಂತ ಕೇಳಿ. ಕೆಲವರು ಒಂದೊಂದೇ ಎಣಿಸುತ್ತಾರೆ, ಕೆಲವರು ಸಾಲು ಕೂಡುತ್ತಾರೆ. 25 ಬರುತ್ತದೆ. ಈಗ ಮೇಲಿನ ನಾಲ್ಕು ಸಾಲನ್ನು ಮಾತ್ರ ಕೂಡಿಸಿ: 16. ಕೆಳಗಿನ ಮೂರು: 9. ಎರಡೂ ವರ್ಗಸಂಖ್ಯೆಗಳೇ! ಯಾಕೆ ಹೀಗೆ? ಆಗ ಮಕ್ಕಳನ್ನು ಎಬ್ಬಿಸಿ, ಚುಕ್ಕಿಗಳನ್ನು ಓರೆಯಾಗಿ ನೋಡಲು ಹೇಳಿ. ಸಾಲುಗಳು 4, 3, 4, 3, 4, 3, 4 ಅಂತ ಕಾಣುತ್ತವೆ. ನಾಲ್ಕರ ಸಾಲು ನಾಲ್ಕು, ಮೂರರ ಸಾಲು ಮೂರು. ಒಂದರೊಳಗೊಂದು ಹೆಣೆದುಕೊಂಡ ಎರಡು ಚೌಕಗಳು. 1ರಿಂದ ಶುರುಮಾಡಿ ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ವರ್ಗ ಬರುತ್ತದೆ ಅನ್ನುವುದನ್ನು ಬಾಯಿಪಾಠ ಮಾಡಿಸುವ ಕೆಲಸವೇ ಇಲ್ಲ, ಕಾಲಡಿಯಲ್ಲೇ ಇದೆ. ಇದು ಒಂದು ಪೀರಿಯಡ್ ತಿನ್ನುತ್ತದೆ, ನಿಜ. ಆದರೆ ಮತ್ತೆ ಮತ್ತೆ ರಿವಿಷನ್ ಮಾಡಿಸುವ ತಾಪತ್ರಯ ಕಡಿಮೆಯಾಗುತ್ತದೆ. ಮನೆಯ ಅಂಗಳದಲ್ಲಿ ದಿನಾ ರಂಗೋಲಿ ಹಾಕುವ ಹುಡುಗಿ ಅವತ್ತು ಎಲ್ಲರಿಗಿಂತ ಮುಂದೆ ನಿಂತಿರುತ್ತಾಳೆ. ನನಗೆ ಅದೇ ದೊಡ್ಡದು.

ಕನ್ನಡ ಪಾಠದಲ್ಲಿ ಛಂದಸ್ಸು ಅಂದರೆ ಮಕ್ಕಳು ಹೆದರುತ್ತಾರೆ ಅಲ್ವಾ? ಲಘು, ಗುರು ಗುರುತು ಹಾಕಿಸುವ ಮೊದಲು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕದ ಧಾಟಿಯಲ್ಲಿ ಹಾಡಿಸಿ, ಚಪ್ಪಾಳೆ ಹಾಕಿಸಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ಕೈಗೆ ಹತ್ತುತ್ತದೆ. ಮೂರನೇ ಸಾಲು ಉದ್ದ ಅಂತ ಅವರೇ ಹೇಳುತ್ತಾರೆ. ಪ್ರಸ್ತಾರ ಆಮೇಲೆ ಹಾಕಿದರಾಯಿತು.

ವಿಜ್ಞಾನಕ್ಕೆ ಒಂದು ದಾಸವಾಳದ ಎಲೆ, ಒಂದು ಬಿದಿರಿನ ಎಲೆ ಸಾಕು. ನೋಡಿ ಚಿತ್ರ ಬರೆದ ಮಗುವಿಗೆ ನರಗಳ ವ್ಯತ್ಯಾಸ ಗೊತ್ತಾಗುತ್ತದೆ.

ಎಲ್ಲ ಪಾಠಕ್ಕೂ ಹೀಗೆ ಮಾಡಲೇಬೇಕು ಅಂತಿಲ್ಲ. ತಿಂಗಳಿಗೆ ಒಂದು ಸಾಕು, ಶುರು ಮಾಡಿ. ಹಾಗಂತ ಚಿತ್ರಕಲೆ, ಸಂಗೀತದ ಪೀರಿಯಡ್ಡುಗಳನ್ನು ಮಾತ್ರ ಯಾರೂ ಕಿತ್ತುಕೊಳ್ಳಬಾರದು. ಅವು ಮಕ್ಕಳಿಗೆ ಬೇಕೇ ಬೇಕು.

ಮುಂದಿನ ವಾರ ಚುಕ್ಕಿಗಳನ್ನು 9ರಿಂದ 1ಕ್ಕೆ ಇಡಿಸಿ ನೋಡಿ. ಎಣಿಸುವ ಮೊದಲೇ ಯಾರಾದರೂ ‘25 ಮತ್ತು 16, ಒಟ್ಟು 41’ ಅಂತ ಕೂಗುತ್ತಾರಾ, ಕಾದು ನೋಡಿ.