ಫೇಸ್‌ಬುಕ್‌ನ ಚುನಾವಣಾ ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರು?

ಪ್ರಶ್ನೆ: ಚುನಾವಣೆ ಬಂತೆಂದರೆ ಮುಂಬಯಿ ಕನ್ನಡಿಗರ ಮತ ಕೇಳುವ ಜಾಹೀರಾತುಗಳು ಫೇಸ್‌ಬುಕ್‌ನಲ್ಲಿ ಮತ್ತೆ ಮತ್ತೆ ಬರುತ್ತವೆ. ಪುಟ ಯಾರದೆಂದೇ ತಿಳಿಯುವುದಿಲ್ಲ. ಹಿಂದೆ ವಿದೇಶದ ದುಡ್ಡಿದ್ದರೆ ಪತ್ತೆ ಹಚ್ಚಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅರ್ಧ ದಾರಿ ನೀವೇ ಹೋಗಬಹುದು. ಆಮೇಲಿನದಕ್ಕೆ ಬ್ಯಾಂಕ್ ದಾಖಲೆ ಬೇಕು, ಅದು ತನಿಖಾ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ.

ಜಾಹೀರಾತು ಕಂಡ ಕೂಡಲೇ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬಳಿಕ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ‘ಆಡ್ ಲೈಬ್ರರಿ’ (ಜಾಹೀರಾತುಗಳ ಸಾರ್ವಜನಿಕ ಸಂಗ್ರಹ) ತೆರೆದು, ದೇಶ ಭಾರತವೆಂದು ಆರಿಸಿ, ಪುಟದ ಹೆಸರು ಹುಡುಕಿ. ಬಹಳ ಜನ ಎಡವುವುದು ಇಲ್ಲಿಯೇ. ಚುನಾವಣೆ–ರಾಜಕೀಯ ವಿಭಾಗವನ್ನಷ್ಟೇ ನೋಡಿ, ಏನೂ ಇಲ್ಲವೆಂದು ಬಿಟ್ಟುಬಿಡುತ್ತಾರೆ. ತನ್ನದು ರಾಜಕೀಯ ಜಾಹೀರಾತೆಂದು ಕೊಟ್ಟವನೇ ಘೋಷಿಸದಿದ್ದರೆ, ಮೆಟಾ ಕೂಡ ಹಿಡಿಯದಿದ್ದರೆ, ಅದು ಆ ವಿಭಾಗಕ್ಕೆ ಬರುವುದೇ ಇಲ್ಲ. ‘ಎಲ್ಲ ಜಾಹೀರಾತು’ಗಳಲ್ಲಿ ಹುಡುಕಿ. ಘೋಷಿಸಿದ್ದಾದರೆ ದುಡ್ಡು ಕೊಟ್ಟವರ ಹೆಸರು, ಖರ್ಚಿನ ಅಂದಾಜು, ಯಾವ ರಾಜ್ಯದ ಯಾವ ವಯಸ್ಸಿನವರಿಗೆ ತೋರಿಸಿದರು ಎಂಬ ವಿವರ 7 ವರ್ಷ ಉಳಿಯುತ್ತದೆ. ಘೋಷಿಸದ್ದು ಪ್ರಸಾರ ನಿಂತೊಡನೆ ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಆ ಜಾಹೀರಾತಿಗೆ ಕೊಟ್ಟಿರುವ ಗುರುತಿನ ಸಂಖ್ಯೆಯನ್ನು (ಲೈಬ್ರರಿ ಐಡಿ) ಅಂದೇ ಬರೆದಿಟ್ಟುಕೊಳ್ಳಿ. ದೂರಿಗೆ ಬಲ ಬರುವುದೇ ಅದರಿಂದ.

ಆಮೇಲೆ ಪುಟದ ‘ಪೇಜ್ ಟ್ರಾನ್ಸ್‌ಪರೆನ್ಸಿ’ ನೋಡಿ. ಪುಟ ಶುರುವಾದ ದಿನ, ಬದಲಾದ ಹೆಸರುಗಳು, ನಡೆಸುವವರು ಇರುವ ದೇಶ ಅಲ್ಲಿರುತ್ತವೆ. ಅಡುಗೆಯ ಪುಟ ಚುನಾವಣೆಗೆ ಮುಂಚೆ ಹೆಸರು ಬದಲಿಸಿ ರಾಜಕೀಯಕ್ಕೆ ಇಳಿದಿದ್ದರೆ ಅನುಮಾನಿಸಬೇಕು. ದೇಶದ ಹೆಸರೊಂದನ್ನೇ ನೋಡಿ ತೀರ್ಪು ಕೊಡಬೇಡಿ: ದುಬೈಯಲ್ಲಿ ಕೂತು ನಮ್ಮೂರವರೇ ನಡೆಸುತ್ತಿರಬಹುದು. ಭಾರತವೆಂದು ಇದ್ದರೂ ನಂಬುವಂತಿಲ್ಲ. 2016ರ ಅಮೆರಿಕದ ಚುನಾವಣೆಯಲ್ಲಿ ರಷ್ಯಾದ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿಯವರು ಅಮೆರಿಕನ್ನರ ಕದ್ದ ಗುರುತುಗಳಿಂದಲೇ ಆನ್‌ಲೈನ್ ಹಣ ಪಾವತಿಯ ಪೇಪಾಲ್ ಖಾತೆ ತೆರೆದಿದ್ದರೆಂದು 2018ರ ದೋಷಾರೋಪ ಪಟ್ಟಿ ಹೇಳುತ್ತದೆ. ಅವರ ಜಾಹೀರಾತು ಖರ್ಚು ಸುಮಾರು 1 ಲಕ್ಷ ಡಾಲರ್ ಮಾತ್ರ. ದುಡ್ಡು ಕೊಡದೆ ಹಾಕಿದ ಪೋಸ್ಟ್‌ಗಳು 12.6 ಕೋಟಿ ಜನರನ್ನು ತಲುಪಿರಬಹುದೆಂದು ಫೇಸ್‌ಬುಕ್ಕೇ ಅಂದಾಜಿಸಿತು. ಅಂಥ ಪೋಸ್ಟ್‌ಗಳು ಆಡ್ ಲೈಬ್ರರಿಯಲ್ಲಿ ಕಾಣುವುದಿಲ್ಲ.

ಪಕ್ಷವಾಗಲಿ ಅಭ್ಯರ್ಥಿಯಾಗಲಿ ವಿದೇಶಿ ಹಣ ಪಡೆಯುವುದನ್ನು 2010ರ ವಿದೇಶಿ ದೇಣಿಗೆ ಕಾಯ್ದೆಯ 3ನೇ ಕಲಂ ನಿಷೇಧಿಸಿದೆ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಬೇರೆ ಯಾರೋ ಅವರ ಪರ ಖರ್ಚು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಇದೆ. ಆದರೆ ದಂಡ ಹೆಚ್ಚೆಂದರೆ 10,000 ರೂಪಾಯಿ. ದೊಡ್ಡ ಹಣ ಸುರಿಯುವವರನ್ನು ಇದು ತಡೆಯಲಾರದು, ಈ ಕಲಂ ಬಿಗಿಯಾಗಲೇಬೇಕು.

ದೂರು ಎಲ್ಲಿಗೆ? ಲೋಕಸಭೆ, ವಿಧಾನಸಭೆ ಚುನಾವಣೆಯಾದರೆ ಜಿಲ್ಲಾ ಚುನಾವಣಾಧಿಕಾರಿಗಳ ಮಾಧ್ಯಮ ಪ್ರಮಾಣೀಕರಣ ಸಮಿತಿಗೆ. ಡೊಂಬಿವಲಿ ಥಾಣೆ ಜಿಲ್ಲೆಗೆ ಸೇರಿದ್ದು, ಮುಂಬಯಿಗೆ ಕಳಿಸಿದರೆ ದಿನಗಳು ಹಾಳು. ಮಹಾನಗರ ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆಗ ದೂರೂ ಅಲ್ಲಿಗೇ. ಲಿಂಕ್, ಲೈಬ್ರರಿ ಐಡಿ, ಸ್ಕ್ರೀನ್‌ಶಾಟ್ ಇಟ್ಟು, ಸಮಿತಿಗೆ ಬರೆಯುವುದಾದರೆ ‘ಈ ಜಾಹೀರಾತಿಗೆ ಪೂರ್ವ ಪ್ರಮಾಣಪತ್ರ ಇದೆಯೇ?’ ಎಂದು ಕೇಳಿ. 2013ರಿಂದ ಸಾಮಾಜಿಕ ಜಾಲತಾಣದ ರಾಜಕೀಯ ಜಾಹೀರಾತಿಗೂ ಅದು ಬೇಕು. ಚುನಾವಣಾ ಅಕ್ರಮದ ದೂರಿಗೆಂದೇ ಇರುವ ಸಿ-ವಿಜಿಲ್ ಆ್ಯಪ್ ಇದಕ್ಕೆ ಆಗದು, ಅದು ಸ್ಥಳದಲ್ಲೇ ದಾಖಲಿಸಿದ ಫೋಟೊ, ವಿಡಿಯೊ, ಆಡಿಯೊಗಳನ್ನಷ್ಟೇ ಸ್ವೀಕರಿಸುತ್ತದೆ. ಮತದಾನಕ್ಕೆ ಮುಂಚಿನ 48 ಗಂಟೆಗಳಲ್ಲಿ ಭಾರತ ಚುನಾವಣಾ ಆಯೋಗ ಹೇಳಿದ 3 ಗಂಟೆಯೊಳಗೆ ಕ್ರಮ ಕೈಗೊಳ್ಳುವುದಾಗಿ ಜಾಲತಾಣ ಕಂಪನಿಗಳು 2019ರಲ್ಲಿ ಒಪ್ಪಿವೆ. ಲೋಕಸಭೆ, ವಿಧಾನಸಭೆಗಳ ಮಟ್ಟಿಗೆ ಆ ಎರಡು ದಿನ ದೂರನ್ನು ತಡಮಾಡದೆ ಕಳಿಸಿ.