ಮಂಗಳೂರಿನ ಮಳೆಗೆ ಗೋಡೆಯ ಬೆಂಕಿ

ಅಕ್ಕನ ಮಗ ಕೆನಡಾದಲ್ಲಿ ಏಳು ವರ್ಷ ಇದ್ದು ಬಂದವನು. ಬಿಜೈಯಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಹಾಲ್‌ನಲ್ಲಿ ಟಿವಿಯ ಕೆಳಗೆ, ಗೋಡೆಗೆ ಕೂರಿಸುವ ಒಂದು ಫೈರ್‌ಪ್ಲೇಸ್ ಬೇಕೇ ಬೇಕು ಅಂದ. ಅಕ್ಕ ನಕ್ಕದ್ದೇ ನಕ್ಕದ್ದು. "ಎಂತ ಮಾರಾಯ, ಮಂಗಳೂರಲ್ಲಿ ಚಳಿ ಕಾಯಿಸುವುದಾ? ಫ್ಯಾನ್ ಹಾಕಿದರೂ ಬೆವರು ಆರುವುದಿಲ್ಲ!"

"ಚಳಿಗಲ್ಲ ಅಮ್ಮ. ಮಳೆಗಾಲದಲ್ಲಿ ಮನೆಯೆಲ್ಲ ತೇವ. ಬಟ್ಟೆ ಒಣಗುವುದಿಲ್ಲ, ಬೆಲ್ಟಿಗೆ ಬೂಷ್ಟು. ಒಂದು ಬೆಂಕಿ ಇದ್ದರೆ ಒಣಗ್ತದೆ ಅಲ್ವಾ? ಮಾವ, ನೀವು ಹೇಳಿ."

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದ ತಪ್ಪಿಗೆ ಇಂಥದ್ದೆಲ್ಲ ನನ್ನ ತಲೆಗೇ ಬರುತ್ತದೆ. ಆದರೆ ಅವನ ಮಾತಿನಲ್ಲಿ ತಿರುಳಿತ್ತು. ಡಿಸೆಂಬರ್, ಜನವರಿಯ ಮುಂಜಾವಿನಲ್ಲೂ 20 ಡಿಗ್ರಿಯ ಆಸುಪಾಸು ಇರುವ ಊರು ನಮ್ಮದು. ಚಳಿ ನಮ್ಮ ಕಷ್ಟವೇ ಅಲ್ಲ. ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದಲ್ಲ, ಆ ಒದ್ದೆಯೇ ಕಷ್ಟ. ಹಾಗಾದರೆ ಬೆಂಕಿ ಒದ್ದೆಯನ್ನು ಓಡಿಸುತ್ತದೆಯೇ?

ನಮ್ಮ ಅಜ್ಜಿ ಮನೆಯಲ್ಲಿ ಓಡಿಸುತ್ತಿತ್ತು. ಬಚ್ಚಲಲ್ಲಿ ದೊಡ್ಡ ಹಂಡೆ, ಕೆಳಗೆ ಒಲೆ. ಒಲೆಗೆ ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ. ಆಟಿ ತಿಂಗಳ ಮಳೆಗೆ ಆ ಒಲೆ ಆರುತ್ತಲೇ ಇರಲಿಲ್ಲ. ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದರು. ಶಾಲೆಗೆ ಹೋದರೆ ನನ್ನ ಅಂಗಿಗೆ ಹೊಗೆ ವಾಸನೆ, ಪಕ್ಕದವನ ಅಂಗಿಗೂ ಅದೇ ವಾಸನೆ. ಯಾರೂ ಯಾರನ್ನೂ ಹಾಸ್ಯ ಮಾಡುವಂತಿರಲಿಲ್ಲ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಅಕ್ಕಿ ಮುಡಿ ಹೊಗೆ ತಿಂದು ಮಳೆಗಾಲ ಕಳೆಯುತ್ತಿತ್ತು.

ಅಲ್ಲಿ ಕೆಲಸ ಮಾಡುತ್ತಿದ್ದುದು ಬೆಂಕಿ ಒಂದೇ ಅಲ್ಲ, ಮನೆಯ ಮಾಡೂ ಕೂಡ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಮನೆಗಳಿಗೆ ಬಂತಲ್ಲ ಮಂಗಳೂರು ಹಂಚು, ಅದರ ಸಂದುಗಳಲ್ಲಿ ಗಾಳಿ ಓಡಾಡುತ್ತದೆ. ಬಿಸಿ ಗಾಳಿ ಹಗುರ. ಅದು ಮೇಲೇರಿ ಹಂಚಿನ ಸಂದಿನಿಂದ ಹೊರಗೆ ಹೋಗುವಾಗ ಬಟ್ಟೆಯಿಂದ ಎದ್ದ ಆವಿಯನ್ನೂ ಕರೆದುಕೊಂಡು ಹೋಗುತ್ತದೆ. ಕೆಳಗಿನಿಂದ ಬೇರೆ ಗಾಳಿ ಒಳಗೆ ಬರುತ್ತದೆ. ಇಡೀ ಮಾಡೇ ಒಂದು ಚಿಮಣಿ ಇದ್ದ ಹಾಗೆ. ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಆ ಮಾಡು ಇಲ್ಲ. ಮೇಲೆ ಹತ್ತನೇ ಮಹಡಿಯವರ ಹಾಲ್ ಇದೆ.

ಹುಡುಗ ಮೊದಲು ಮೆಚ್ಚಿದ್ದು ಬಯೋ ಎಥನಾಲ್, ಅಂದರೆ ಒಂದು ಬಗೆಯ ಆಲ್ಕೋಹಾಲ್, ಸುಡುವ ಮಾದರಿಯನ್ನು. ನಿಜವಾದ ಜ್ವಾಲೆ, ಹೊಗೆ ಇಲ್ಲ, ಮಸಿ ಇಲ್ಲ, ಚಿಮಣಿ ಬೇಡ. ನೋಡಲು ಚೆಂದವೇ. ನಾನು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ.

ಎಥನಾಲ್‌ನಲ್ಲಿ ಹೈಡ್ರೋಜನ್ ಇದೆ. ಹೈಡ್ರೋಜನ್ ಉರಿದರೆ ನೀರು. 46 ಗ್ರಾಂ ಎಥನಾಲ್ ಪೂರ್ತಿ ಉರಿದರೆ 54 ಗ್ರಾಂ ನೀರಿನ ಆವಿ ಹುಟ್ಟುತ್ತದೆ. ಉರಿದದ್ದಕ್ಕಿಂತ ಹುಟ್ಟಿದ್ದು ಜಾಸ್ತಿ, ಯಾಕೆಂದರೆ ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ಒಂದು ಲೀಟರ್ ಎಥನಾಲ್ ಸುಮಾರು 790 ಗ್ರಾಂ ತೂಗುತ್ತದೆ. ಅದರಿಂದ 925 ಗ್ರಾಂ ನೀರು, ಜೊತೆಗೆ ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡ್.

ಈಗ ಕೋಣೆ ನೋಡಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಸುಮಾರು 41 ಘನ ಮೀಟರ್. ಜುಲೈಯ ಒಂದು ಸಂಜೆ, 26 ಡಿಗ್ರಿ, ತೇವಾಂಶ ಶೇಕಡಾ 90. ಅಂಥ ಗಾಳಿಯ ಒಂದೊಂದು ಘನ ಮೀಟರಿನಲ್ಲಿ 22 ಗ್ರಾಂ ನೀರಿನ ಆವಿ ಇರುತ್ತದೆ. ಇಡೀ ಕೋಣೆಗೆ 900 ಗ್ರಾಂ. ಅಂದರೆ ಒಂದು ಲೀಟರ್ ಎಥನಾಲ್ ಸುಟ್ಟರೆ, ಕೋಣೆಯ ಗಾಳಿಯಲ್ಲಿ ಆಗಲೇ ಎಷ್ಟು ನೀರು ಇತ್ತೋ ಅಷ್ಟೇ ನೀರನ್ನು ಇನ್ನೊಮ್ಮೆ ಸುರಿದ ಹಾಗೆ! ಒಣಗಿಸಲು ಹಚ್ಚಿದ ಬೆಂಕಿ ಮನೆಯನ್ನು ನೆನೆಸುತ್ತದೆ.

"ಬೆಂಕಿಯಿಂದ ನೀರಾ?" ಅಂತ ಅಕ್ಕ ನಂಬಲಿಲ್ಲ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆ ಇದನ್ನೇ ತೋರಿಸಿದ್ದ. ಮಂಜುಗಡ್ಡೆ, ಉಪ್ಪು ತುಂಬಿದ ಪಾತ್ರೆಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿದ. ಪಾತ್ರೆಯ ಅಡಿಯಲ್ಲಿ ನೀರಿನ ಹನಿ ಕಟ್ಟಿತು. ಅದೇ ಪ್ರಯೋಗವನ್ನು ಮಂಗಳೂರಿನಲ್ಲಿ ಮಾಡಿದರೆ ಯಾರೂ ಒಪ್ಪುವುದಿಲ್ಲ, ಇಲ್ಲಿ ತಣ್ಣಗಿನ ಪಾತ್ರೆ ಬೆಂಕಿ ಇಲ್ಲದೆಯೇ ಬೆವರುತ್ತದೆ. ಹಾಗಾಗಿ ಅಕ್ಕನಿಗೆ ಅವಳದೇ ಅಡುಗೆಮನೆಯ ಲೆಕ್ಕ ಹೇಳಿದೆ. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಯೊಳಗೆ ಬಂದಿರುತ್ತದೆ. ಒಂದು ದೊಡ್ಡ ಕೊಡಕ್ಕಿಂತ ಜಾಸ್ತಿ. ಒಲೆಯ ಮೇಲಿನ ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ ಬರೀ ಒಗ್ಗರಣೆ ಘಾಟಿಗೆ ಅಂದುಕೊಂಡಿದ್ದಳು ಅವಳು.

ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವ ಮಾತಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ.

ಉಳಿದದ್ದು ಕರೆಂಟಿನದು. ಅದರಲ್ಲೂ ನೀರಿನ ಮಂಜನ್ನು ಜ್ವಾಲೆಯಂತೆ ತೋರಿಸುವ ಒಂದು ಬಗೆ ಇದೆ. ಒಳಗಿನ ಬಿಲ್ಲೆ ನಮ್ಮ ಕಿವಿಗೆ ಕೇಳದಷ್ಟು ವೇಗವಾಗಿ ನಡುಗಿ ನೀರನ್ನು ಸಣ್ಣ ಸಣ್ಣ ಹನಿ ಮಾಡಿ ಹಾರಿಸುತ್ತದೆ, ಅದಕ್ಕೆ ಕಿತ್ತಳೆ ಬೆಳಕು ಬಿಡುತ್ತಾರೆ. ಕೈ ಹಾಕಿದರೆ ತಂಪು! ಚೆಂದ ಅಂದರೆ ಚೆಂದ. ಆದರೆ ಮಂಗಳೂರಿನಲ್ಲಿ ದುಡ್ಡು ಕೊಟ್ಟು ಮನೆಯೊಳಗೆ ಮಂಜು ಬಿಡಿಸಿಕೊಳ್ಳುವುದು ಯಾಕೆ?

ಎಲ್‌ಇಡಿ ಮಾದರಿಯೇ ಸರಿ ಅಂತಾಯಿತು. ಅದರ ಹೊಟ್ಟೆಯೊಳಗಿನ ಕೆಲಸ ಸರಳ. ಒಂದು ಕಡ್ಡಿ, ಅದರ ಸುತ್ತ ಫಳಫಳ ಹೊಳೆಯುವ ತಗಡಿನ ಚೂರುಗಳು. ಸಣ್ಣ ಮೋಟಾರು ಕಡ್ಡಿಯನ್ನು ನಿಧಾನ ತಿರುಗಿಸುತ್ತದೆ. ಎಲ್‌ಇಡಿ ಬೆಳಕು ಚೂರುಗಳಿಗೆ ಬಡಿದು, ಜ್ವಾಲೆಯಾಕಾರದ ಸೀಳುಗಳಲ್ಲಿ ಹಾದು, ಮಸುಕಾದ ಪರದೆಯ ಮೇಲೆ ಬಿದ್ದು ಕುಣಿಯುತ್ತದೆ. ಯಕ್ಷಗಾನದ ಕಿರೀಟಕ್ಕೆ ಲೈಟು ಬಿದ್ದಾಗ ಹಿಂದಿನ ಪರದೆಯಲ್ಲಿ ಹೊಳಪು ಓಡಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಗ್ಗದ ಮಾದರಿಯಲ್ಲಿ ಕುಣಿತದ ಲಯ ತಪ್ಪಿರುತ್ತದೆ. ನಿಜವಾದ ಬೆಂಕಿಗೆ ಒಂದು ತಾಳ ಉಂಟು. ಬಿಸಿ ಗಾಳಿ ಮೇಲೇರುವಾಗ ಸುತ್ತಲಿನ ತಂಪು ಗಾಳಿ ಒಳನುಗ್ಗಿ ಜ್ವಾಲೆಯ ಸೊಂಟ ಹಿಂಡುತ್ತದೆ, ತುದಿ ಕಳಚಿ ಹಾರುತ್ತದೆ, ಮತ್ತೆ ತುಂಬುತ್ತದೆ. ಒಂದಡಿ ಅಗಲದ ಬೆಂಕಿ ಹೀಗೆ ಸೆಕೆಂಡಿಗೆ ಎರಡೂವರೆ, ಮೂರು ಸಲ ಉಸಿರಾಡುತ್ತದೆ. ಬೆಂಕಿ ಅಗಲವಾದಷ್ಟೂ ತಾಳ ವಿಳಂಬ. ಅಂಗಡಿಗೆ ಹೋದರೆ ಎರಡು ನಿಮಿಷ ಸುಮ್ನೆ ನಿಂತು ನೋಡಿ. ಒಂದೇ ಕುಣಿತ ಮತ್ತೆ ಮತ್ತೆ ಬರುವುದು ಕಣ್ಣಿಗೆ ಸಿಕ್ಕಿಬಿದ್ದರೆ ಅದನ್ನು ಬಿಡಿ. ಮನೆಗೆ ತಂದ ಮೇಲೆ ದಿನವೂ ಅದೇ ಕಾಣುತ್ತದೆ.

ಈ ಬೆಳಕಿಗೆ ಕರೆಂಟು ಬೇಕಾಗುವುದು ಒಂದು ಬಲ್ಬಿನಷ್ಟು. ಬಿಸಿ ಬರುವುದು ಬೇರೆಯೇ ಹೀಟರಿನಿಂದ, ಹೆಚ್ಚಾಗಿ 1500ರಿಂದ 2000 ವಾಟ್. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರುವುದನ್ನೇ ಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ನಮ್ಮ ಊರಿಗೆ ಮುಖ್ಯವಾದ ಅಂಶ ಅದೊಂದೇ.

ಹೀಟರ್ ಹಾಕಿದರೆ ಆಗುವುದೇನು? ಆಗ ಲೆಕ್ಕ ಹಾಕಿದ ಕೋಣೆಯನ್ನೇ 26ರಿಂದ 32 ಡಿಗ್ರಿಗೆ ಏರಿಸಿದೆವು ಅನ್ನಿ. 22 ಗ್ರಾಂ ನೀರು ಅಲ್ಲೇ ಇದೆ, ಒಂದು ಹನಿಯೂ ಹೊರಗೆ ಹೋಗಿಲ್ಲ. ಆದರೆ 32 ಡಿಗ್ರಿಯಲ್ಲಿ ಒಂದು ಘನ ಮೀಟರಿನಲ್ಲಿ ಸುಮಾರು 34 ಗ್ರಾಂ ಆವಿ ಇರಬಹುದು. ಹಾಗಾಗಿ ತೇವಾಂಶ ಅಳೆಯುವ ಮೀಟರ್ ಶೇಕಡಾ 65 ತೋರಿಸುತ್ತದೆ. ಬಟ್ಟೆಯ ನೀರು ಬೇಗ ಆವಿಯಾಗುತ್ತದೆ, ಹುಡುಗನಿಗೆ ಖುಷಿ. ಆ ಆವಿ ಹೋಗುವುದೆಲ್ಲಿಗೆ? ಕಿಟಕಿ ಮುಚ್ಚಿದೆ. ಮಳೆಗೆ ನೆಂದು ತಣ್ಣಗಿರುವ ಹೊರಗೋಡೆಗೆ, ಆ ಗೋಡೆಗೆ ಒತ್ತಿಟ್ಟ ಕಪಾಟಿನ ಬೆನ್ನಿಗೆ ಹೋಗಿ ಮತ್ತೆ ನೀರಾಗುತ್ತದೆ. ಬಟ್ಟೆಯಲ್ಲಿದ್ದ ಒದ್ದೆ ಕಪಾಟಿಗೆ ವರ್ಗಾವಣೆ ಆಯಿತು, ಅಷ್ಟೇ. ಬೂಷ್ಟಿಗೆ ಹೊಸ ವಿಳಾಸ ಸಿಕ್ಕಿತು.

ಮೀಟರ್ ಇಲ್ಲದವರಿಗೆ ಉಪ್ಪಿನ ಭರಣಿ ಇದೆ. ಶುದ್ಧ ಉಪ್ಪು ತೇವಾಂಶ ಶೇಕಡಾ 75 ದಾಟಿದರೆ ಗಾಳಿಯ ನೀರನ್ನು ಹೀರಿ ಕರಗಲು ಶುರು ಮಾಡುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಲವಣ ಸೇರಿದ್ದರೆ ಇನ್ನೂ ಮೊದಲೇ. ಉಪ್ಪು ನೀರೊಡೆದಿದೆ ಅಂದರೆ ಚಪ್ಪಲಿ, ಪುಸ್ತಕಗಳಿಗೂ ಕಾಲ ಕೆಟ್ಟಿದೆ ಎಂದೇ ಲೆಕ್ಕ.

ಆ ಉಪ್ಪೇ ಕರೆಂಟಿನ ಕೆಲಸದಲ್ಲೂ ಕಾಟ ಕೊಡುತ್ತದೆ. ಕಡಲ ಗಾಳಿಯ ಉಪ್ಪು ಸಾಕೆಟ್ಟಿನ ಹಿತ್ತಾಳೆಯ ಮೇಲೆ ಕೂರುತ್ತದೆ, ಮಳೆಗಾಲದಲ್ಲಿ ಒದ್ದೆಯಾಗಿಯೇ ಇರುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಪಣಂಬೂರು, ಮಲ್ಪೆಯ ಕಡೆ ಹಳೆಯ ಸಾಕೆಟ್ ಬಿಚ್ಚಿದವರಿಗೆ ಆ ಹಸಿರು ಗೊತ್ತು. ಕಿಲುಬಿನಿಂದ ಪಿನ್ನಿಗೂ ಸಾಕೆಟ್ಟಿಗೂ ನಡುವೆ ಬರೀ 0.1 ಓಮ್ ತಡೆ ಹುಟ್ಟಿತು ಅನ್ನಿ. 2000 ವಾಟಿನ ಹೀಟರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಬಿಸಿ ಹುಟ್ಟುವುದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ. ಅಂದರೆ ಕಡಲೆಕಾಳಿನಷ್ಟು ಜಾಗದಲ್ಲಿ ಏಳೂವರೆ ವಾಟ್. ಒಂದು ಆಂಪಿಯರ್ ಎಳೆಯುವ ಟಿವಿ ಆಗಿದ್ದರೆ 0.1 ವಾಟ್, ಏನೂ ಆಗುತ್ತಿರಲಿಲ್ಲ. ಏಳೂವರೆ ವಾಟಿಗೆ ಪ್ಲಾಸ್ಟಿಕ್ ಕಂದುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ, ತಡೆ ಇನ್ನೂ ಏರುತ್ತದೆ. ಮೀನು ಸುಟ್ಟ ಹಾಗೆ ವಾಸನೆ ಬಂದರೆ ಅಡುಗೆಮನೆ ನೋಡುವ ಮೊದಲು ಪ್ಲಗ್ ನೋಡಿ.

ನಮ್ಮ ಮನೆಯಲ್ಲೇ ಒಮ್ಮೆ ಗೀಸರಿನ ಪ್ಲಗ್ ಹೀಗೆ ಕಪ್ಪಾಗಿತ್ತು. ಹಾಗಾಗಿ ಇಲ್ಲಿ ನಾನೇ ನಿಂತು ಮಾಡಿಸಿದೆ. 6 ಆಂಪಿನ ಸಾಕೆಟ್ ಅಲ್ಲ, 16 ಆಂಪಿನದು, ಅದಕ್ಕೇ ಪ್ರತ್ಯೇಕವಾಗಿ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಲೋಡ್ ಮೀರಿದರೆ ಕರೆಂಟು ಕಡಿಯುವ ಅದರದೇ ಎಂಸಿಬಿ ಸ್ವಿಚ್. ಎಕ್ಸ್‌ಟೆನ್ಶನ್ ಬೋರ್ಡ್ ಮುಟ್ಟಲಿಲ್ಲ, ಇನ್ವರ್ಟರಿಗೆ ಕೊಡಲಿಲ್ಲ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ನೋಡಿದೆವು. ಒದ್ದೆ ಕೈಯಲ್ಲಿ ಶಾಕ್ ಹೊಡೆದರೆ ಕಾಪಾಡುವುದು ಅದೇ. ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಗೀಸರ್, ಎಸಿ, ಇದು ಮೂರೂ ಒಟ್ಟಿಗೆ ಓಡಿದರೆ ಅದನ್ನು ದಾಟುತ್ತೀರಾ ಎಂದು ಕೂಡಿಸಿ ನೋಡಿ.

ಗೋಡೆಯ ಕಥೆ ಬೇರೆ. ಎಲೆಕ್ಟ್ರಿಷಿಯನ್ ಡ್ರಿಲ್ ಹಾಕಿದ ಕೂಡಲೇ ಕೆಂಪು ಪುಡಿ ಸುರಿಯಿತು. "ಕೆಂಪುಕಲ್ಲು ಸಾರ್, ಬೋಲ್ಟು ಗಟ್ಟಿ ನಿಲ್ಲುವುದಿಲ್ಲ" ಅಂದ. ಅವನ ಮಾತು ಸರಿಯೇ. 1807ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ (ಈಗಿನ ಕೇರಳದ) ಅಂಗಡಿಪುರಂನಲ್ಲಿ ನೋಡಿದ್ದನ್ನು ಬರೆಯುವಾಗ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನೆಲದಲ್ಲಿರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಆದರೆ ಒಳಗೆಲ್ಲ ತೂತು. ಹಿಗ್ಗಿ ಬಿಗಿಯಾಗುವ ಆಂಕರ್ ಬೋಲ್ಟನ್ನು ಅದರಲ್ಲಿ ತಿರುಪಿದರೆ ಕಲ್ಲೇ ಪುಡಿಯಾಗಿ ತೂತು ದೊಡ್ಡದಾಗುತ್ತದೆ. ಇಲ್ಲಿಗೆ ಬೇಕಾದದ್ದು ಜಾಲರಿ ಕೊಳವೆಯೊಳಗೆ ತುಂಬುವ ರಾಸಾಯನಿಕ ಅಂಟಿನ ಆಂಕರ್. ಅಂಟು ಆ ತೂತುಗಳಿಗೇ ಇಳಿದು ಹಿಡಿದುಕೊಳ್ಳುತ್ತದೆ. ಅಂಟು ಒಣಗುವ ತನಕ ಭಾರ ಹಾಕಬಾರದು. ನಮ್ಮ ಹುಡುಗನಿಗೆ ಆ ತಾಳ್ಮೆ ಇರಲಿಲ್ಲ, ಅಕ್ಕ ಬೈದು ನಿಲ್ಲಿಸಿದಳು.

ಬಿಸಿ ಗಾಳಿ ಮುಂದಿನಿಂದ ಬರುವ ಮಾದರಿ ಆರಿಸಿದ್ದರಿಂದ ಮೇಲಿನ ಟಿವಿಗೆ ತೊಂದರೆ ಇಲ್ಲ. ಕಿಟಕಿಯ ಪರದೆ, ಸೋಫಾ ಮೂರಡಿ ದೂರ. ಫೈರ್‌ಪ್ಲೇಸಿನ ಮೇಲೆ ಒದ್ದೆ ಟವೆಲ್ ಹಾಕುವುದಕ್ಕೆ ನಿಷೇಧ.

ಒದ್ದೆಗೆ ಏನು ಮಾಡಿದೆವು ಅಂತ ಕೇಳುತ್ತೀರಿ. ಕೆಳಗಿನ ಮರದ ಪೆಟ್ಟಿಗೆಯಲ್ಲಿ, ಗಾಳಿ ಆಡಲು ಜಾಲಿ ಬಿಟ್ಟು, ಒಂದು ಡಿಹ್ಯೂಮಿಡಿಫೈಯರ್ ಇಟ್ಟೆವು. ಸುಮಾರು 300 ವಾಟ್. ಒಳಗಿನ ತಣ್ಣಗಿನ ಕೊಳವೆಗೆ ಗಾಳಿ ತಾಗಿದಾಗ ಆವಿ ನೀರಾಗಿ ಡಬ್ಬಿಗೆ ಇಳಿಯುತ್ತದೆ. ತಮಾಷೆ ಎಂದರೆ ಆವಿ ನೀರಾಗುವಾಗ ಬಿಸಿ ಬಿಟ್ಟುಕೊಡುತ್ತದೆ, ಲೀಟರಿಗೆ 0.68 ಯೂನಿಟ್. ಆ ಬಿಸಿಯೂ ಮೋಟಾರಿನ ಬಿಸಿಯೂ ಕೋಣೆಗೇ ಬರುತ್ತದೆ. ಗಂಟೆಗೆ ಅರ್ಧ ಲೀಟರ್ ನೀರು ಇಳಿದರೆ 640 ವಾಟಿನ ಹೀಟರ್ ಇಟ್ಟ ಹಾಗೆ. ಮೇಲೆ ಬಿಸಿ ಇಲ್ಲದ ಜ್ವಾಲೆ ಕುಣಿಯುತ್ತದೆ, ಕೆಳಗೆ ಕಾಣದ ಕಡೆಯಿಂದ ಬೆಚ್ಚಗಿನ ಒಣ ಗಾಳಿ ಬರುತ್ತದೆ. ಬಂದ ನೆಂಟರು ಬೆಂಕಿಗೆ ಕೈ ಚಾಚಿ "ಹ್ಞಾಂ, ಬಿಸಿ ಬರ್ತಾ ಉಂಟು" ಅನ್ನುತ್ತಾರೆ. ನಾವು ಸುಮ್ಮನಿರುತ್ತೇವೆ.

ಬೆಳಗ್ಗೆ ಎದ್ದರೆ ಡಬ್ಬಿ ತುಂಬಿರುತ್ತದೆ. ಅಕ್ಕ ಅದನ್ನು ಎತ್ತಿಕೊಂಡು ಹೋಗಿ ಬಾಲ್ಕನಿಯ ಕುಂಡದ ಬಸಳೆಗೆ ಹೊಯ್ಯುತ್ತಾಳೆ, ಹೊರಗೆ ಧೋ ಅಂತ ಮಳೆ ಸುರಿಯುತ್ತಿರುವಾಗ.